‘ಸ್ವಲ್ಪ’ ಎಂದು ಬರೆದದ್ದು ನಾನು: ಪ್ರೋಟಾನ್ ಅಧ್ಯಯನದ ನೈತಿಕ ಸಮಿತಿಯ ಅಧ್ಯಕ್ಷರಿಗೆ

ಒಪ್ಪಿಗೆ ಪತ್ರದ ಹದಿನಾಲ್ಕನೇ ಪುಟದಲ್ಲಿರುವ ಅಧ್ಯಕ್ಷರೇ,

ನಿಮ್ಮ ಆಸ್ಪತ್ರೆ ನಡೆಸಿದ ಪ್ರೋಟಾನ್ ಚಿಕಿತ್ಸೆಯ ಅಧ್ಯಯನದಲ್ಲಿ ಒಂದು ತಪ್ಪು ಅಂಕಿ ಇದೆ. ಅದನ್ನು ಬರೆದವಳು ನಾನು. ತಿದ್ದಿಕೊಡಿ ಎಂದು ಎರಡು ಸಲ ರಿಜಿಸ್ಟರ್ ಅಂಚೆಯಲ್ಲಿ ಕೇಳಿದೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಮೂರು ವಾಕ್ಯ ಬಂತು. ‘ದತ್ತಾಂಶವನ್ನು ಅಂತಿಮಗೊಳಿಸಲಾಗಿದೆ. ಬದಲಾವಣೆಗೆ ಅವಕಾಶವಿರುವುದಿಲ್ಲ. ತಮ್ಮ ದುಃಖದಲ್ಲಿ ನಾವೂ ಭಾಗಿಗಳು.’ ದುಃಖದಲ್ಲಿ ಪಾಲು ತೆಗೆದುಕೊಂಡದ್ದಕ್ಕೆ ವಂದನೆಗಳು. ತಪ್ಪಿನಲ್ಲಿ ಮಾತ್ರ ಯಾರೂ ಪಾಲು ಕೇಳಲಿಲ್ಲ. ಅದಕ್ಕಾಗಿ ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ದೂರುಗಳಿದ್ದರೆ ನೈತಿಕ ಸಮಿತಿಯ ಅಧ್ಯಕ್ಷರನ್ನು ಸಂಪರ್ಕಿಸಬೇಕು ಎಂದು ಒಪ್ಪಿಗೆ ಪತ್ರದಲ್ಲಿ ಅಚ್ಚಾಗಿದೆ. ಅಲ್ಲಿ ನಿಮ್ಮ ಹುದ್ದೆ ಇದೆ, ಹೆಸರಿಲ್ಲ. ನಿಮ್ಮ ಕಡತದಲ್ಲಿ ನನ್ನ ಓರಗಿತ್ತಿಯೂ ಹಾಗೆಯೇ ಇದ್ದಾಳೆ. ೦೪೭ ಎಂಬ ಸಂಖ್ಯೆ ಇದೆ, ಹೆಸರಿಲ್ಲ. ಅವಳ ಹೆಸರು ಮಂಗಳಗೌರಿ. ತೀರಿಕೊಂಡು ಎರಡು ವರ್ಷ ದಾಟಿತು.

ನಾವು ಹುಣಸೂರು ತಾಲ್ಲೂಕು ಗಾವಡಗೆರೆ ಹೋಬಳಿಯವರು. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತೇವೆ. ಮಂಗಳಗೌರಿ ನನ್ನ ಭಾವ ವೀರಭದ್ರಸ್ವಾಮಿಯವರ ಹೆಂಡತಿ. ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು. ಹತ್ತೊಂಬತ್ತು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದೆವು. ಅಕ್ಕ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ನಾಲಿಗೆಯ ಬುಡದಲ್ಲಿ ಗೆಡ್ಡೆ ಎಂದು ಮೈಸೂರಿನಲ್ಲಿ ಹೇಳಿದರು. ತಂಬಾಕಿನ ಅಭ್ಯಾಸ ಇದೆಯಾ ಎಂದು ಡಾಕ್ಟರು ಕೇಳಿದರು. ‘ಬೆಳೆಯೋ ಅಭ್ಯಾಸ ಐತೆ ಸಾ, ತಿನ್ನೋದು ಇಲ್ಲ’ ಎಂದಳು ಅಕ್ಕ. ಡಾಕ್ಟರು ನಗಲಿಲ್ಲ. ಹೊರರಾಜ್ಯದ ನಿಮ್ಮ ಆಸ್ಪತ್ರೆಯಲ್ಲಿ ಹೊಸ ಯಂತ್ರದ ಅಧ್ಯಯನ ನಡೆಯುತ್ತಿದೆ, ಸೇರಿಸಿಕೊಂಡರೆ ಚಿಕಿತ್ಸೆಯೆಲ್ಲ ಉಚಿತ ಎಂದು ಚೀಟಿ ಬರೆದುಕೊಟ್ಟರು.

ಅದು ಡಿಸೆಂಬರ್ ತಿಂಗಳು. ಹೊಗೆಸೊಪ್ಪಿನ ಹರಾಜು ನಡೆಯುತ್ತಿತ್ತು. ಭಾವನವರು, ನನ್ನ ಯಜಮಾನರು ಇಬ್ಬರೂ ಹರಾಜಿನ ಪ್ಲಾಟ್‌ಫಾರಂ ಬಿಟ್ಟು ಬರುವಂತಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಮನೆಯಲ್ಲಿ ಬರೆಯುವ ಕೆಲಸ ನನ್ನದೇ. ಆದ್ದರಿಂದ ಅಕ್ಕನ ಜೊತೆಗೆ ನಾನು ಹೊರಟೆ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು, ಒಂದು ಗ್ಯಾಸ್ ಒಲೆ ಇಟ್ಟುಕೊಂಡು ಏಳು ವಾರ ಇದ್ದೆವು.

ನಿಮ್ಮ ಸಂಯೋಜಕಿ ಐಶ್ವರ್ಯ ಎಂಬ ಹುಡುಗಿ ಕನ್ನಡ ಬಲ್ಲವಳು. ಅವಳನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಮೊದಲ ದಿನ ನಮ್ಮನ್ನು ಕೂರಿಸಿಕೊಂಡು ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಹೇಳಿದಳು. ಮಾಮೂಲಿ ಕಿರಣ ಗೆಡ್ಡೆಯನ್ನು ದಾಟಿ ಆಚೆ ಬದಿಯಿಂದ ಹೊರಟುಹೋಗುತ್ತದೆ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ಪ್ರೋಟಾನ್ ಎಂಬ ಕಣಗಳ ಕಿರಣ ಹೇಳಿದಷ್ಟು ಆಳಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಅದರಿಂದ ನುಂಗುವ ತೊಂದರೆ ಕಡಿಮೆಯಾಗಬಹುದು. ಆಗುತ್ತದೆಯೋ ಇಲ್ಲವೋ ತಿಳಿಯಲೆಂದೇ ಅಧ್ಯಯನ.

‘ಗೊತ್ತಾಯ್ತು ಬುಡು ಮಗ’ ಎಂದಳು ಅಕ್ಕ. ‘ಒಂದು ಎಕ್ಸ್‌ಪ್ರೆಸ್ ಬಸ್ಸು, ನಮ್ಮೂರಲ್ಲಿ ನಿಲ್ಲಿಸ್ದೆ ಒಂಟೋಯ್ತದೆ. ಇನ್ನೊಂದು ಲೋಕಲ್ಲು, ನಮ್ಮೂರಲ್ಲೇ ಹಾಲ್ಟು.’

ಐಶ್ವರ್ಯ ತುಂಬ ನಕ್ಕಳು. ಇಷ್ಟು ಚೆನ್ನಾಗಿ ನನಗೂ ಹೇಳೋಕೆ ಬರಲ್ಲಮ್ಮ ಎಂದಳು. ಯಾರಿಗೆ ಯಾವ ಯಂತ್ರ ಎಂಬುದನ್ನು ಡಾಕ್ಟರು ಆರಿಸುವುದಿಲ್ಲ, ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಎತ್ತುತ್ತದೆ ಎಂದೂ ಹೇಳಿದಳು. ಅದೇ ದಿನ ಕೆ.ಆರ್. ನಗರದ ಕಡೆಯ ಸಾಕಮ್ಮ ಎಂಬಾಕೆಯೂ ಸೇರಿದ್ದರು. ಅವರಿಗೂ ಅದೇ ಕಾಯಿಲೆ. ಚೀಟಿಯಲ್ಲಿ ಅಕ್ಕನಿಗೆ ಪ್ರೋಟಾನ್ ಬಂತು, ಸಾಕಮ್ಮನವರಿಗೆ ಮಾಮೂಲಿ ಯಂತ್ರ. ಅವರು ಹಾಲ್‌ನಲ್ಲೇ ಅತ್ತುಬಿಟ್ಟರು. ‘ನಂಗೆ ಅಳೇ ಮಿಶಿನ್ನು, ಇವ್ಳಿಗೆ ಒಸಾದು. ಕಂಪ್ಯೂಟ್ರು ನನ್ ಮಕ ನೋಡಿತ್ತಾ?’ ಅಕ್ಕ ತಲೆ ತಗ್ಗಿಸಿ ಕುಳಿತಿದ್ದಳು. ಕೋಣೆಗೆ ಬಂದ ಮೇಲೆ ‘ಅವ್ಳ ಪಾಲಿಂದು ನಂಗೆ ಬಂದೈತೆ ಕಣೆ ಪ್ರೇಮ’ ಎಂದಳು. ಹಾಗಲ್ಲ ಅಕ್ಕ ಎಂದೆ. ಹಾಗಲ್ಲ ಎಂದು ನಾನೂ ಗಟ್ಟಿಯಾಗಿ ನಂಬಿರಲಿಲ್ಲ.

ಇನ್ನು ನಿಮ್ಮ ಫಾರಂ. ವಾರಕ್ಕೊಮ್ಮೆ, ಬುಧವಾರ, ಇಪ್ಪತ್ತೆರಡು ಪ್ರಶ್ನೆ. ಪ್ರತಿಯೊಂದಕ್ಕೂ ಐದು ಉತ್ತರ. ಇಲ್ಲ ಎಂದರೆ ಸೊನ್ನೆ, ಸ್ವಲ್ಪ ಎಂದರೆ ಒಂದು, ಮಧ್ಯಮ ಎರಡು, ತೀವ್ರ ಮೂರು, ಅತಿ ತೀವ್ರ ನಾಲ್ಕು. ಬಾಯಿಯ ಹುಣ್ಣನ್ನು ಡಾಕ್ಟರು ಟಾರ್ಚ್ ಹಾಕಿ ನೋಡಿ ಅವರೇ ಅಂಕಿ ಹಾಕಿದರು, ಸರಿಯಾಗಿಯೇ ಹಾಕಿದರು. ನುಂಗುವ ಕಷ್ಟ ಹೊರಗೆ ಕಾಣುವುದಿಲ್ಲ, ಅದನ್ನು ರೋಗಿಯೇ ಹೇಳಬೇಕು ಎಂದು ಫಾರಂ ನಮ್ಮ ಕೈಗೆ ಕೊಟ್ಟರು. ಅಕ್ಕನಿಗೆ ಬರೆಯಲು ಬಾರದು. ಪೆನ್ನು ನನ್ನ ಕೈಯಲ್ಲಿತ್ತು. ಎಲ್ಲರೂ ಕುಳಿತ ಹಾಲ್‌ನಲ್ಲಿ, ಸಾಲು ಕುರ್ಚಿಗಳಲ್ಲಿ, ಐಶ್ವರ್ಯ ಹೀಗೆ ಕೇಳುತ್ತಿದ್ದಳು:

‘ನುಂಗೋಕೆ ಹೇಗಿದೆ ಅಮ್ಮ ಈ ವಾರ?’

‘ಪರ್ವಾಗಿಲ್ಲ ಮಗ. ನೀನು ತಿಂಡಿ ತಿಂದ್ಯಾ?’

‘ಆಯ್ತಮ್ಮ. ಇಲ್ಲ, ಸ್ವಲ್ಪ, ಮಧ್ಯಮ, ತೀವ್ರ, ಅತಿ ತೀವ್ರ. ಯಾವುದು ಬರೆಯೋಣ?’

ಪಕ್ಕದ ಕುರ್ಚಿಯಿಂದ ಸಾಕಮ್ಮನವರು, ‘ಮಧ್ಯಮದಿಂದ ಮೇಲಿರೋದೆಲ್ಲಾ ನಂಗಾಕವ್ವ’ ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ಅಕ್ಕನೂ ಬಾಯಿಗೆ ಸೆರಗು ಹಿಡಿದು ನಕ್ಕಳು. ನಕ್ಕಾಗ ನೋವಾಗಿ ಕಣ್ಣಲ್ಲಿ ನೀರು ಬಂತು. ನನ್ನ ಕಡೆ ತಿರುಗಿ ‘ಒಂದಾಕು ಪ್ರೇಮ’ ಎಂದಳು. ಒಂದು ಹಾಕಿದೆ.

ನಮ್ಮ ಕಡೆ ಒಬ್ಬರ ಮನೆಯಲ್ಲಿ ಊಟಕ್ಕೆ ಕೂತವರನ್ನು ಸಾರು ಹೇಗಿದೆ ಎಂದು ಕೇಳಿದರೆ ಉಪ್ಪು ಹೆಚ್ಚಾಗಿದ್ದರೂ ಚೆನ್ನಾಗಿದೆ ಎನ್ನುತ್ತೇವೆ. ಅದು ಸುಳ್ಳು ಎಂದು ಯಾರಿಗೂ ಅನಿಸುವುದಿಲ್ಲ. ನಿಮ್ಮ ಹಾಲ್‌ನಲ್ಲಿ ನಡೆದದ್ದು ಅದೇ. ಇಷ್ಟು ದೊಡ್ಡ ಯಂತ್ರದ ಕೆಳಗೆ ಅಕ್ಕನನ್ನು ಬಿಟ್ಟಿಯಾಗಿ ಮಲಗಿಸಿದಿರಿ. ನಗುನಗುತ್ತಾ ಮಾತಾಡಿಸಿದಿರಿ. ಫಾರಂನ ಕೊನೆಯಲ್ಲಿ ‘ನಿಮ್ಮ ಸಹಕಾರಕ್ಕೆ ಧನ್ಯವಾದಗಳು’ ಎಂದು ಅಚ್ಚು ಮಾಡಿಸಿದಿರಿ. ಸಹಕಾರ ಎಂದರೆ ತೊಂದರೆ ಕೊಡದೆ ಇರುವುದು ಎಂದು ನಾವು ತಿಳಿದೆವು. ನೋವನ್ನು ಇದ್ದಷ್ಟು ಹೇಳುವುದೇ ಸಹಕಾರ ಎಂದು ಒಪ್ಪಿಗೆ ಪತ್ರದ ಹದಿನೇಳು ಪುಟದಲ್ಲಿ ಎಲ್ಲಿ ಬರೆದಿದ್ದೀರಿ? ನಾನು ನಾಲ್ಕು ಸಲ ಓದಿದ್ದೇನೆ. ಇಲ್ಲ. ಯಂತ್ರದ ಉಪಕಾರ ಪಡೆದವಳು, ಅದು ಸಿಗದೆ ಅತ್ತ ಹೆಂಗಸಿನ ಎದುರು, ನಗುವ ಹುಡುಗಿಯ ಮುಖ ನೋಡಿಕೊಂಡು, ನನಗೆ ತೀವ್ರ ಎನ್ನಬೇಕಿತ್ತೇ? ಹಾಗೆ ಅನ್ನುವ ಹೆಂಗಸು ನಮ್ಮ ಹೋಬಳಿಯಲ್ಲಿ ಯಾರಿದ್ದಾರೆಂದು ಯೋಚಿಸುತ್ತಿದ್ದೇನೆ. ಒಬ್ಬರೂ ಹೊಳೆಯುತ್ತಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಬರೆಯಲು ನನಗೆ ಬರುತ್ತಿರಲಿಲ್ಲ ಎಂದಲ್ಲ. ಹೊಗೆಸೊಪ್ಪನ್ನು ಬ್ಯಾರನ್ ಎಂಬ ಮುಚ್ಚಿದ ಕೋಣೆಯಲ್ಲಿ ಐದಾರು ದಿನ ಶಾಖ ಕೊಟ್ಟು ಹದ ಮಾಡುತ್ತೇವೆ. ಶಾಖವನ್ನು ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್‌ನಿಂದ ನಿಧಾನವಾಗಿ ನೂರ ಅರವತ್ತಕ್ಕೆ ಏರಿಸಬೇಕು. ಗಂಟೆಗೆ ಎಷ್ಟಿತ್ತು ಎಂದು ಬರೆದಿಡುವವಳು ನಾನು. ಅಲ್ಲಿ ತಪ್ಪು ಬರೆದರೆ ಮುಂದಿನ ಸರದಿಗೆ ಬಂದವರು ಬೆಂಕಿ ಹೆಚ್ಚಿಸಿ ಎಲೆ ಕಪ್ಪಾಗುತ್ತದೆ. ಹನ್ನೊಂದು ವರ್ಷ ಬರೆದೆ, ಒಂದು ಡಿಗ್ರಿಯೂ ಸುಳ್ಳು ಬರೆಯಲಿಲ್ಲ. ಆ ವರ್ಷದ ನೋಟ್‌ಬುಕ್‌ನಲ್ಲಿ ಹಾಳೆ ಉಳಿದಿದ್ದವು. ಅದನ್ನೇ ಆಸ್ಪತ್ರೆಗೆ ಒಯ್ದಿದ್ದೆ. ಗಂಟೆ, ಶಾಖ, ಷರಾ ಎಂದು ಮೊದಲೇ ಗೀಟು ಹಾಕಿದ್ದ ಮನೆಗಳಲ್ಲಿ ಅಕ್ಕನ ದಿನಗಳನ್ನು ಬರೆದೆ. ಶಾಖದ ಮನೆಯಲ್ಲಿ ಅವಳು ತಿಂದದ್ದನ್ನು ಬರೆದೆ. ಮೂರು ಬುಧವಾರಗಳನ್ನು ಇಲ್ಲಿ ನಕಲು ಮಾಡುತ್ತೇನೆ.

ಜನವರಿ ೩. ಬೆಳಿಗ್ಗೆ ೧೧. ರಾಗಿ ಗಂಜಿ ಅರ್ಧ ಲೋಟ, ಐವತ್ತು ನಿಮಿಷ. ಎರಡು ಸಲ ಕೆಮ್ಮಿದಳು. ಫಾರಂನಲ್ಲಿ ೧.

ಜನವರಿ ೧೦. ಬೆಳಿಗ್ಗೆ ೧೦. ಎಳನೀರು ನಾಲ್ಕು ಚಮಚ, ಇಪ್ಪತ್ತೈದು ನಿಮಿಷ. ಉಗುಳು ನುಂಗಲಾರದೆ ಬಟ್ಟೆಗೆ ಉಗಿದಳು. ಫಾರಂನಲ್ಲಿ ೧.

ಜನವರಿ ೧೭. ಬೆಳಿಗ್ಗೆ ೧೧. ಗಂಜಿ ಮೂರು ಚಮಚ. ಮೂಗಿನಲ್ಲಿ ಬಂತು. ಎರಡು ಹಾಕಲಾ ಎಂದು ಕೇಳಿದೆ. ಬೇಡ ಎಂದಳು. ಫಾರಂನಲ್ಲಿ ೧.

ಆ ಹದಿನೇಳನೇ ತಾರೀಖು ಕೋಣೆಯಲ್ಲಿ ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅಕ್ಕನಿಗೆ ಆಗ ದನಿ ಅಷ್ಟಾಗಿ ಬರುತ್ತಿರಲಿಲ್ಲ. ‘ದಿನಾ ನಗ್‌ನಗ್ತಾ ಕೇಳ್ತದೆ ಆ ಕೂಸು. ನೋವು ಅಂದು ಅದರ ಮಕ ಯಾಕೆ ಬಾಡಿಸ್ಬೇಕು? ಇನ್ನು ನಾಕು ಕರೆಂಟು ಐತೆ. ಮುಗಿಸ್ಕೊಂಡು ಊರಿಗೋಗುವ ಬುಡು’ ಎಂದಳು. ಕಿರಣ ಕೊಡುವುದಕ್ಕೆ ನಮ್ಮ ಕಡೆ ಕರೆಂಟು ಎನ್ನುತ್ತೇವೆ. ಮೂವತ್ತಮೂರು ಕರೆಂಟಿನಲ್ಲಿ ಇಪ್ಪತ್ತೊಂಬತ್ತು ಮುಗಿದಿತ್ತು.

ತೂಕದ ಯಂತ್ರ ಇತ್ತಲ್ಲ ಎಂದು ನೀವು ಕೇಳುತ್ತೀರಿ. ಇತ್ತು. ತೂಕ ಇಳಿದರೆ ಕರೆಂಟು ನಿಲ್ಲಿಸುತ್ತಾರೆ ಎಂದು ಹಾಲ್‌ನಲ್ಲಿ ಯಾರೋ ಹೇಳಿದ್ದರು. ಅಂದಿನಿಂದ ಅಕ್ಕ ತೂಕದ ದಿನ ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ಮದುವೆಯ ರೇಷ್ಮೆ ಸೀರೆ ಉಟ್ಟು ಬರುತ್ತಿದ್ದಳು. ಅಷ್ಟಾದರೂ ಏಳು ಕಿಲೋ ಇಳಿದದ್ದು ಕಂಡಿತು. ಡಾಕ್ಟರು ಕೇಳಿದಾಗ ‘ಇಲ್ಲಿನ ನೀರು ಒಗ್ಗಕಿಲ್ಲ ಸಾ’ ಎಂದಳು. ಅವರು ಫಾರಂ ತಿರುಗಿಸಿ ನೋಡಿದರು. ನುಂಗುವ ಸಾಲಿನಲ್ಲಿ ಒಂದು ಇತ್ತು, ನನ್ನ ಅಕ್ಷರದಲ್ಲಿ. ಸರಿ ಎಂದು ಕಳಿಸಿದರು. ಫಾರಂನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ. ಈಗ ಬಾಯಿಪಾಠವಾಗಿದೆ. ‘೩ ಅಥವಾ ಹೆಚ್ಚಿದ್ದಲ್ಲಿ ಆಹಾರ ನಳಿಕೆಗಾಗಿ ಕಳುಹಿಸುವುದು.’ ಸಾಕಮ್ಮನವರಿಗೆ ಮೂರು ಬಿದ್ದಿತ್ತು. ಅವರ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು. ಅದರಲ್ಲಿ ಗಂಜಿ ಬಿಟ್ಟುಕೊಂಡು ಅವರು ಕೆ.ಆರ್. ನಗರಕ್ಕೆ ಹೋದರು. ಅಕ್ಕ ನಳಿಕೆಯಿಲ್ಲದೆ ಊರಿಗೆ ಬಂದಳು. ನಳಿಕೆ ಇಲ್ಲದ್ದನ್ನು ನೋಡಿ ಭಾವನವರು, ‘ಒಸ ಮಿಶಿನ್ನು ಅಂದ್ರೆ ಇದು ಕಣಮ್ಮ’ ಎಂದು ಸಂತೋಷಪಟ್ಟರು.

ಮಾರ್ಚ್ ತಿಂಗಳಲ್ಲಿ ಕೆಮ್ಮು ಶುರುವಾಯಿತು. ಕುಡಿದ ಗಂಜಿ ಶ್ವಾಸಕೋಶಕ್ಕೆ ಇಳಿದಿದೆ ಎಂದು ಮೈಸೂರಿನಲ್ಲಿ ಹೇಳಿದರು. ಹನ್ನೆರಡು ದಿನ ಅಲ್ಲಿದ್ದೆವು. ಏಪ್ರಿಲ್ ಎರಡನೇ ವಾರ ತೀರಿಕೊಂಡಳು. ನಮ್ಮ ಪದ್ಧತಿಯಂತೆ ಹೊಲದಲ್ಲಿ ಕೂರಿಸಿ ಮಣ್ಣು ಮಾಡಿದೆವು. ಮಾರನೇ ತಿಂಗಳು ಸಸಿ ನಾಟಿ ಇತ್ತು, ಮಾಡಿದೆವು. ಆ ವರ್ಷವೂ ಬ್ಯಾರನ್ ಶಾಖ ನಾನೇ ಬರೆದೆ. ಅತ್ತೆನೋ ಇಲ್ಲವೋ ನೆನಪಿಲ್ಲ. ನೋಟ್‌ಬುಕ್‌ನಲ್ಲಿ ಬರೆದಿಲ್ಲ, ಆದ್ದರಿಂದ ಅತ್ತಿರಲಿಕ್ಕಿಲ್ಲ.

ಆ ಒಂದರ ಬದಲು ಮೂರು ಬರೆದಿದ್ದರೆ ಬದುಕುತ್ತಿದ್ದಳೇ? ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಮೈಸೂರಿನ ಡಾಕ್ಟರನ್ನು ಕೇಳಿದೆ. ಹಾಗೆಲ್ಲ ಯೋಚನೆ ಮಾಡಬಾರದು ಎಂದರು. ಅದು ಉತ್ತರವಲ್ಲ ಎಂದು ಅವರಿಗೂ ತಿಳಿದಿತ್ತು. ಆ ಪ್ರಶ್ನೆಯನ್ನು ನಿಮಗೆ ಕಳಿಸುತ್ತಿಲ್ಲ, ಅದು ನನ್ನ ಬಳಿಯೇ ಇರಲಿ. ನಿಮಗೆ ಕಳಿಸುತ್ತಿರುವುದು ಬೇರೆ.

ಈ ವರ್ಷ ನಿಮ್ಮಿಂದ ಒಂದು ಹಾಳೆ ಬಂತು. ಭಾಗವಹಿಸಿದ ಕುಟುಂಬಗಳಿಗೆ ಕೃತಜ್ಞತೆ ಎಂದು ಮೇಲೆ ಬರೆದಿತ್ತು. ಅದರ ಕೆಳಗೆ ಫಲಿತಾಂಶ. ಪ್ರೋಟಾನ್ ಪಡೆದ ಗುಂಪಿನವರು ನುಂಗುವ ತೊಂದರೆ ಬಹುಪಾಲು ‘ಸ್ವಲ್ಪ’ ಎಂದು ತಿಳಿಸಿದ್ದಾರೆ, ಇನ್ನೊಂದು ಗುಂಪಿನವರು ‘ತೀವ್ರ’ ಎಂದು ತಿಳಿಸಿದ್ದಾರೆ. ಪಕ್ಕದ ನಕ್ಷೆಯಲ್ಲಿ ಎರಡು ಕಂಬ, ಒಂದು ಕುಳ್ಳ, ಒಂದು ಎತ್ತರ. ಕುಳ್ಳ ಕಂಬದಲ್ಲಿ ಅಕ್ಕ ಇದ್ದಾಳೆ. ಭಾವನವರು ಹಾಳೆಯನ್ನು ಮಡಚಿ ದೇವರ ಕೋಣೆಯಲ್ಲಿಟ್ಟರು. ಅವಳಿಂದ ನಾಲ್ಕು ಜನಕ್ಕೆ ಉಪಕಾರವಾಯಿತು ಎಂದರು. ಆ ಅಂಕಿಯ ವಿಷಯ ಅವರಿಗಿನ್ನೂ ಗೊತ್ತಿಲ್ಲ. ಈ ಪತ್ರ ಅಚ್ಚಾದ ಮೇಲೆ ಓದುತ್ತಾರೆ.

ಮಾರನೇ ದಿನ ಸಾಕಮ್ಮನವರಿಗೆ ಫೋನ್ ಮಾಡಿದೆ. ಅವರು ಚೆನ್ನಾಗಿದ್ದಾರೆ. ಹಾಳೆ ಅವರಿಗೂ ಹೋಗಿತ್ತು, ಮೊಮ್ಮಗಳು ಓದಿ ಹೇಳಿದ್ದಳಂತೆ.

‘ಸಾಕವ್ವ, ನೀವು ಮೂರು ಅಂತ ಹಾಕಿಸಿದ್ರಲ್ಲ, ಅಷ್ಟು ಕಷ್ಟ ಇತ್ತಾ?’ ಎಂದು ಕೇಳಿದೆ.

‘ಮೊದಮೊದ್ಲು ಏನಿತ್ತವ್ವ? ಮುದ್ದೇನೇ ಉಣ್ತಿದ್ದೆ, ಕೋಣೇಲಿ ಬಾಗ್ಲಾಕ್ಕೊಂಡು.’

‘ಮತ್ತೆ?’

‘ಜಾಸ್ತಿ ಅತ್ಗೊಂಡ್ರೆ ಆ ಒಸ ಮಿಶಿನ್‌ಗೆ ಆಕ್ತಾರೆ ಅಂತ ಕಣವ್ವ. ಆಕ್ಲಿಲ್ಲ. ಮೂಗ್ನಾಗೆ ಪೈಪ್ ಆಕುದ್ರು.’ ನಕ್ಕರು. ಇದನ್ನೆಲ್ಲ ಆಸ್ಪತ್ರೆಗೆ ಬರೆಯುತ್ತೇನೆ ಎಂದೆ. ‘ನಿಮ್ಮಕ್ಕ ದೊಡ್ಡ ಮನ್ಸಿನವ್ಳು. ನನ್ ಎದ್ರುಗೆ ಒಂದಿನ ನೋವು ಅನ್ನಲಿಲ್ಲ. ಬರೀತೀಯಾ? ಬರಿ. ನನ್ ಎಸ್ರೂ ಬರಿ. ಈ ವಯಸ್ಗೆ ನನ್ನೇನ್ ಮಾಡಾರು?’

ಅಧ್ಯಕ್ಷರೇ, ನಿಮ್ಮ ಎರಡು ಕಂಬಗಳು ಇವು. ಸಿಕ್ಕಿದ್ದಕ್ಕೆ ನಾಚಿಕೊಂಡವಳು ತಗ್ಗಿಸಿ ಹೇಳಿದಳು, ಸಿಗದೆ ಇದ್ದವಳು ಏರಿಸಿ ಹೇಳಿದಳು. ನೀವು ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಯಂತ್ರದ ಗುಣ ಅಳೆದಿರಿ. ಯಂತ್ರ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಗೆಡ್ಡೆ ಕರಗಿತ್ತು, ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ನುಂಗುವ ವಿಷಯದಲ್ಲಿ ನಿಜವಾಗಿಯೂ ಒಳ್ಳೆಯದೇ ಇದ್ದೀತು. ಅದು ಗೊತ್ತಾಗಬೇಕೆಂದೇ ಅಲ್ಲವೇ ಏಳು ವಾರ ಅವಳ ಮುಖಕ್ಕೆ ಬಲೆಯಂಥ ಅಚ್ಚು ಬಿಗಿದು ಮಲಗಿಸಿದ್ದು? ನೂರಾರು ಜನರ ಸರಾಸರಿಯಲ್ಲಿ ಒಬ್ಬರ ಅಂಕಿ ಲೆಕ್ಕಕ್ಕಿಲ್ಲ ಎಂದು ನೀವು ಹೇಳಬಹುದು. ಅಕ್ಕ ಒಬ್ಬಳೇ ಹಾಗೆ ಹೇಳಿದ್ದಾಳೆ ಎಂದು ನಿಮಗೆ ಹೇಗೆ ಗೊತ್ತು? ಆ ಹಾಲ್‌ನಲ್ಲಿ ಹೆಗ್ಗಡದೇವನಕೋಟೆಯವರಿದ್ದರು, ಪಿರಿಯಾಪಟ್ಟಣದವರಿದ್ದರು, ಬೇರೆ ಭಾಷೆಯವರಿದ್ದರು. ‘ಪರವಾಗಿಲ್ಲ’ ಎಂಬುದನ್ನು ಎಲ್ಲ ಭಾಷೆಯಲ್ಲೂ ಕೇಳಿಸಿಕೊಂಡಿದ್ದೇನೆ. ಹೇಳುವಾಗ ಎಲ್ಲರೂ ಅಕ್ಕನ ಹಾಗೆಯೇ ತಲೆ ಆಡಿಸುತ್ತಿದ್ದರು.

ನಮ್ಮ ಹರಾಜಿನಲ್ಲಿ ಸೊಪ್ಪಿನ ದರ್ಜೆ ತಿಳಿಯಲು ಬೆಳೆದವನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಏನು ಹೇಳುತ್ತಾನೆ ಎಂದು ಗೊತ್ತು. ಬೇಲ್ ಎಂಬ ಸೊಪ್ಪಿನ ಮೂಟೆಯ ನಡುವೆ ಕೈ ಹಾಕಿ ನಾಲ್ಕು ಎಲೆ ಎಳೆದು, ಬೆಳಕಿಗೆ ಹಿಡಿದು ನೋಡುತ್ತಾರೆ. ಸಿಗರೇಟಿಗೆ ಹೋಗುವ ಎಲೆಗೆ ಸಿಗುವ ಈ ಅನುಮಾನ, ಅದನ್ನು ಬೆಳೆದ ಹೆಂಗಸಿನ ಗಂಟಲಿಗೆ ಸಿಗಬಾರದೇ? ನಿಮ್ಮವರು ತುಂಬ ಓದಿದವರು, ಕಣಗಳು ಎಷ್ಟು ಆಳಕ್ಕೆ ಹೋಗಿ ನಿಲ್ಲಬೇಕೆಂದು ಮಿಲಿಮೀಟರ್ ಲೆಕ್ಕದಲ್ಲಿ ಬಲ್ಲವರು. ಒಬ್ಬ ಹೆಂಗಸಿನ ಪರವಾಗಿಲ್ಲ ಎಂಬ ಮಾತು ಎಷ್ಟು ಆಳದಲ್ಲಿದೆ ಎಂದು ನೋಡಲು ಒಂದು ಲೋಟ ನೀರು ಸಾಕಿತ್ತು.

ನಾನು ಪರಿಹಾರ ಕೇಳುತ್ತಿಲ್ಲ. ಯಾರ ಮೇಲೂ ಕ್ರಮ ಬೇಡ. ಕ್ರಮ ಆಗುವುದಾದರೆ ಮೊದಲು ನನ್ನ ಮೇಲೆ ಆಗಬೇಕು. ನೋಟ್‌ಬುಕ್‌ನ ನಲವತ್ತೊಂದು ಪುಟ ನೆರಳಚ್ಚು ಮಾಡಿಸಿ ಈ ಪತ್ರದ ಜೊತೆ ಅಂಚೆಗೆ ಹಾಕಿದ್ದೇನೆ. ಸಂಖ್ಯೆ ೦೪೭ರ ಕಡತದಲ್ಲಿ, ಜನವರಿಯ ಆ ಮೂರು ಬುಧವಾರಗಳ ಎದುರು, ಒಂದು ಅಳಿಸಿ ಮೂರು ಎಂದು ಬರೆಯಿರಿ. ಅಂತಿಮಗೊಳಿಸಿದ್ದನ್ನು ಅಳಿಸಲಾಗದು ಎಂದರೆ, ಈ ಅಂಕಿ ನಿಜವಲ್ಲ ಎಂದು ಬರೆದವಳೇ ಒಪ್ಪಿಕೊಂಡಿದ್ದಾಳೆ ಎಂದು ಕೆಳಗೊಂದು ಸಾಲು ಸೇರಿಸಿ. ನಿಮ್ಮ ಲೇಖನ ಅಚ್ಚಾಗುವಾಗ ಆ ಸಾಲೂ ಅಚ್ಚಾಗಲಿ. ಆಮೇಲೆ, ನಿಮ್ಮ ಮುಂದಿನ ಅಧ್ಯಯನಕ್ಕೆ ಸಹಿ ಹಾಕುವ ಮೊದಲು, ಕೇಳುವ ರೀತಿಯನ್ನು ಬದಲಿಸಿ. ಹಾಲ್‌ನಲ್ಲಿ ಕೇಳಬೇಡಿ. ಚೀಟಿಯಲ್ಲಿ ಬೇರೆ ಯಂತ್ರ ಬಂದವರ ಎದುರು ಕೇಳಬೇಡಿ. ಒಳಗೆ ಕರೆದು ಕೂರಿಸಿ. ಎದುರಿಗೆ ಅರ್ಧ ಲೋಟ ಗಂಜಿ ಇಟ್ಟು, ಕುಡಿಯಲು ಹೇಳಿ, ಗಡಿಯಾರ ನೋಡಿ. ಎಷ್ಟು ನಿಮಿಷ ಆಯಿತೋ ಅದನ್ನು ಬರೆದುಕೊಳ್ಳಿ. ಕುಡಿದಾದ ಮೇಲೆ ಅವಳು ಬಾಯಿ ಒರೆಸಿಕೊಂಡು, ಪರವಾಗಿಲ್ಲ ಎನ್ನುತ್ತಾಳೆ. ಅದನ್ನು ಬರೆದುಕೊಳ್ಳಬೇಡಿ.

ಇಂತಿ,
ಸಂಖ್ಯೆ ೦೪೭ರ ಪರವಾಗಿ ಪೆನ್ನು ಹಿಡಿದಿದ್ದವಳು,
ಪ್ರೇಮಮ್ಮ
ಗಾವಡಗೆರೆ ಹೋಬಳಿ, ಹುಣಸೂರು ತಾಲ್ಲೂಕು